ಜಳಕಕ್ಕೆ ಅಂಜದ ಮುಖ

ಗುಡ್ಡದ ಕಡೆಯ ಗಾಳಿಗೆ ಕಿಟಕಿಯ ಪರದೆ ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಆಗಲೇ ಒಂದೆರಡು ಮಗ್ಗ ಎದ್ದಿವೆ. ನಾಹೀದ ಅವಕ್ಕೂ ಮೊದಲೇ ಎದ್ದಿದ್ದಾಳೆ. ತಗಡಿನ ಟ್ರಂಕಿನ ಮೇಲಿರುವ ಹಳೆಯ ಪ್ರಿಂಟರಿನಿಂದ, ಶಾಯಿ ಒಣಗದಿರಲೆಂದು ಹೊದಿಸಿದ್ದ ಒದ್ದೆ ಟವೆಲು ಸರಿಸಿ, ಹಾಳೆ ಕೊಟ್ಟು, ಗುಂಡಿ ಒತ್ತುತ್ತಾಳೆ. ಯಂತ್ರ ಕೆಮ್ಮಿ, ನರಳಿ, ನಾಲ್ಕು ಬಣ್ಣದ ಗೆರೆ ಎಳೆದು ಹಾಳೆಯನ್ನು ಹೊರದಬ್ಬುತ್ತದೆ. ಕಪ್ಪು, ಕೆಂಪು, ಹಳದಿ ಸರಿಯಾಗಿವೆ. ನೀಲಿ ಗೆರೆ ನಡುವೆ ತುಂಡಾಗಿದೆ.

ಅವಳು ಏಳುತ್ತಾಳೆ, ಅಡುಗೆಮನೆಗೆ ಹೋಗುತ್ತಾಳೆ, ಏನೂ ತಾರದೆ ತಿರುಗಿ ಬರುತ್ತಾಳೆ. ಸಿರಿಂಜಿಗೆ ಬ್ಯಾಟರಿ ನೀರು ಎಳೆದುಕೊಂಡು, ಶಾಯಿ ಹೊರಬರುವ ಸಣ್ಣ ತೂತುಗಳ ಮೇಲೆ ಹನಿ ಬಿಡುತ್ತಾಳೆ. ಕಾಯಬೇಕು. ಕಾಯುವುದು ಅವಳಿಗೆ ಬಾರದ ಕೆಲಸ. ಇನ್ನು ಸ್ವಲ್ಪ ಹೊತ್ತಿಗೆ ಕರೆಂಟು ಹೋಗುತ್ತದೆ. ಇವತ್ತು ಅಮಾವಾಸ್ಯೆ. ಮುಶಿಗೇರಿಯ ಅಡಿವೆವ್ವನ ಮನೆಗೆ ಆಕೆಯ ಗಂಡನ ಫೋಟೋ ಇವತ್ತೇ ಮುಟ್ಟಬೇಕು.

“ಇದು ಈಗ ಕಟಗೊಂಡ್ರ ನನ್ನ ಕೆಲಸ ಅಲ್ಲಿಗೆ ಮುಗೀತ್ರಿ,” ಎನ್ನುತ್ತಾಳೆ, ಅವಳ ಕೆಲಸ ನೋಡಲು ಬಂದು ಕೂತ ನನಗೆ, ಸಿರಿಂಜಿನಿಂದ ಕಣ್ಣು ತೆಗೆಯದೆ. “ಇರೂದು ಇದೊಂದ ಮಷೀನು.”

ರೋಣದ ಕಂಪ್ಯೂಟರ್ ಕ್ಲಾಸೊಂದು 2004ರಲ್ಲಿ ಬಾಗಿಲು ಹಾಕಿದಾಗ ಅಲ್ಲಿಯ ಸಾಮಾನು ಸಾಗಿಸಲು ಹೋದವನು ಅವಳ ಗಂಡ ಅಲ್ತಾಫ. ಅವನದು ಬಾಡಿಗೆ ಟೆಂಪೋ. ಯಾರಿಗೂ ಬೇಡವಾದ ಕಂಪ್ಯೂಟರು, ಸ್ಕ್ಯಾನರು, ಪ್ರಿಂಟರು ಅವನ ಜತೆ ಮನೆಗೆ ಬಂದವು. ನರೇಗಲ್ಲಿನಲ್ಲಿ ಪಿಯುಸಿ ಓದಿ, ರಜೆಯಲ್ಲಿ ಕಂಪ್ಯೂಟರ್ ಕಲಿತಿದ್ದ ನಾಹೀದ ಅವನ್ನು ಒರೆಸಿ, ಜೋಡಿಸಿ, ಹೊಂದಿಸಿದಳು. ಕಂಪನಿಯ ಶಾಯಿಡಬ್ಬಿಯ ಬೆಲೆ ಕೇಳಿ ಅಲ್ತಾಫ ನಕ್ಕುಬಿಟ್ಟಿದ್ದನಂತೆ. ಹೀಗಾಗಿ ಮೊದಲ ದಿನದಿಂದಲೂ ಹುಬ್ಬಳ್ಳಿಯ ಬಾಟಲಿ ಶಾಯಿ. ಖಾಲಿ ಡಬ್ಬಿಗೆ ಸಿರಿಂಜಿನಿಂದ ತುಂಬುವುದು, ತೂತಿಗೆ ಟೇಪು ಅಂಟಿಸುವುದು.

ಸಾಲಿಯ ಮಕ್ಕಳ ಫೋಟೋ, ಬ್ಯಾಂಕಿನ ಫೋಟೋ, ಹುಡುಗಿ ತೋರಿಸಲು ಕಳಿಸುವ ಫೋಟೋ, ಎಲ್ಲವೂ ಅವಳಲ್ಲಿಗೆ ಬರುತ್ತವೆ. ನರಗುಂದದವರೂ ಬಸ್ಸಿನ ಕಂಡಕ್ಟರನ ಕೈಯಲ್ಲಿ ಲಕೋಟೆ ಕಳಿಸುತ್ತಾರೆ. ಆದರೆ ಅವಳ ಹೆಸರು ನಿಂತದ್ದು ಸತ್ತವರ ಫೋಟೋಗಳಿಂದ. ಉಗುರಿನಷ್ಟು ಅಗಲದ ಮುಖವನ್ನು ಗುರುತಿನ ಚೀಟಿಯಿಂದ ಎತ್ತಿ, ಅದರ ಮೇಲೆ ಬಿದ್ದ ಠಸ್ಸೆಯ ಗುರುತು ಅಳಿಸಿ, ಗೋಡೆಗೆ ಒಪ್ಪುವಷ್ಟು ದೊಡ್ಡದು ಮಾಡುತ್ತಾಳೆ. ಇಂಥ ಕೆಲಸ ತರುವವರು ಹೆಚ್ಚು ಮಾತಾಡುವುದಿಲ್ಲ. ಚೀಟಿ ಕೊಡುತ್ತಾರೆ, ಯಾವತ್ತು ಬರಬೇಕೆಂದು ಕೇಳುತ್ತಾರೆ, ಹೋಗುತ್ತಾರೆ.

ಅತ್ತೆ ಮದರಬಿಗೆ ಇದು ಹಿಡಿಸದು. ಜೀವಂತ ಇದ್ದವರಿಗೆ ಕೂಡಲು ಜಾಗವಿಲ್ಲದ ಮನೆಯಲ್ಲಿ ಸತ್ತವರೆಲ್ಲ ಸಾಲಾಗಿ ಕೂತಿದ್ದಾರೆ ಎಂದು ಆಡಿಕೊಳ್ಳುತ್ತಾಳೆ. ನಮಾಜಿನ ಹೊತ್ತಿಗೆ ಒಂದೊಂದೇ ಫೋಟೋವನ್ನು ಬೋರಲು ಹಾಕುತ್ತಾಳೆ. ಮಳೆಗಾಲದಲ್ಲಿ ಒಣಗದ ಹಾಳೆಗಳಿಗೆ ಬೀಸಣಿಗೆ ಬೀಸುವವಳೂ ಅವಳೇ.

ಅಡಿವೆವ್ವನ ಗಂಡ ದ್ಯಾಮಪ್ಪ ಗೌಂಡಿ. ಊರ ಅರ್ಧ ಮನೆಗಳ ಗೋಡೆ ಎಬ್ಬಿಸಿದವನು ಫೋಟೋ ಮಾತ್ರ ತೆಗೆಸಿಕೊಂಡಿರಲಿಲ್ಲ. ಮತದಾರರ ಚೀಟಿಯಲ್ಲಿದ್ದದ್ದೇ ಇದ್ದದ್ದು. ಅವನು ತೀರಿಕೊಂಡ ಮೇಲೆ ನಾಹೀದ ಅದನ್ನು ದೊಡ್ಡದು ಮಾಡಿದಳು, ಪೇಟೆಯ ಫೋಟೋ ಅಂಗಡಿಯ ಪ್ರಭುಲಿಂಗಪ್ಪ ಗಾಜಿನ ಕಟ್ಟು ಹಾಕಿದ. ಅಮಾವಾಸ್ಯೆ ಬಂತು. ಅಡಿವೆವ್ವ ದೇವರನ್ನು ತೊಳೆದಳು, ಬಳಿಕ ಗಂಡನ ಫೋಟೋವನ್ನೂ ಹರಿವಾಣದಲ್ಲಿ ನಿಲ್ಲಿಸಿ ತಂಬಿಗೆಯಿಂದ ನೀರು ಹಾಕಿದಳು. ನೀರು ಗಾಜಿನ ಅಂಚಿನಿಂದ ಒಳಗಿಳಿಯಿತು. ಮೊದಲು ಅಂಗಿಯ ಕಾಲರು ನೇರಳೆಯಾಯಿತು. ಮುಂದಿನ ಅಮಾವಾಸ್ಯೆಯ ಜಳಕಕ್ಕೆ ಗದ್ದ, ಬಾಯಿ ಕರಗಿದವು.

ಸೆರಗಿನಲ್ಲಿ ಸುತ್ತಿಕೊಂಡು ಫೋಟೋ ತಂದವಳು ಜಗಳವಾಡಲಿಲ್ಲ. ಟ್ರಂಕಿನ ಪಕ್ಕದಲ್ಲಿ ಕೂತಳು.

“ನನ್ನ ಕೈಲೇ ತೊಳದ ಹಾಕೀನವಾ,” ಅಂದಳು. “ಕಣ್ಣಷ್ಟ ಉಳದಾವ. ಹೋದದ್ದ ನೀ ತಿರಗಿ ಕೊಡ್ತಿಯಿಲ್ಲೋ?”

ಆ ಮಾತು ನಾಹೀದಳನ್ನು ಇನ್ನೂ ಬಿಟ್ಟಿಲ್ಲ. “ನಮ್ಮನ್ಯಾಗ ಗ್ವಾಡಿಗೆ ಮನಿಷ್ಯಾರ ಫೋಟೋ ಹಾಕೂದಿಲ್ರಿ. ಅರಿವಿಲೆ ಒರಸ್ತಾರಂತ ಗೊತ್ತಿತ್ತು. ಜಳಕಾ ಮಾಡಸ್ತಾರಂತ ನನಗ ಹ್ಯಾಂಗ ತಿಳೀಬೇಕು? ಆಕೀಗರ ಹ್ಯಾಂಗ ತಿಳೀಬೇಕು, ನನಗ ಇದು ಗೊತ್ತಿಲ್ಲಂತ?”

ಚೀಟಿಯ ಮುಖ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಮತ್ತೊಂದು ಪ್ರತಿ ತೆಗೆಯುವುದು ಗಳಿಗೆಯ ಕೆಲಸ. ಆದರೆ ಅದೇ ಶಾಯಿ, ಅದೇ ನೀರು. ಸುದ್ದಿ ಕೇಳಿದ ಪ್ರಭುಲಿಂಗಪ್ಪ ಬಾಗಿಲಿಗೇ ಬಂದು, ಮನೆಯಲ್ಲಿ ಕುಕ್ಕರಿನ ಪಕ್ಕ ತೆಗೆದ ಫೋಟೋ ಸಾರಿನಂತೆ ತೆಳ್ಳಗೇ ಇರುತ್ತದೆ ಎಂದು ನಕ್ಕು ಹೋದ. ಹುಬ್ಬಳ್ಳಿಯ ಲ್ಯಾಬಿನ ಫೋಟೋ ನೀರಿಗೆ ಅಂಜುವುದಿಲ್ಲ, ಅಲ್ಲಿಗೆ ಕಳಿಸು ಎಂಬುದು ಅವನ ಸಲಹೆ. ಅಲ್ತಾಫನೂ ಅದನ್ನೇ ಹೇಳಿದ. ಅವಳು ಒಪ್ಪಲಿಲ್ಲ. ಇದೊಂದು ಹುಬ್ಬಳ್ಳಿಗೆ ಹೋದರೆ ನಾಳೆಯಿಂದ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಅದೂ ಅಲ್ಲದೆ, ಅಡಿವೆವ್ವ ಕೇಳಿದ್ದು ಹುಬ್ಬಳ್ಳಿಯವರನ್ನಲ್ಲ.

ಅಲ್ಲಿಂದ ಶುರುವಾಯಿತು ಮನೆಯ ಚಹಾ ಬಸಿಗಳಿಗೆ ಗ್ರಹಚಾರ. ಬಾಟಲಿ ಬದಲಿಸಿದ್ದಾಯಿತು, ಕಾಗದ ಬದಲಿಸಿದ್ದಾಯಿತು. ಪ್ರಿಂಟು ತೆಗೆದ ಚೂರನ್ನೆಲ್ಲ ಬಸಿಯ ನೀರಿಗೆ ಹಾಕಿ ನೋಡುವಳು. ನೀರು ಒಮ್ಮೆ ಗುಲಾಬಿ, ಒಮ್ಮೆ ನೀಲಿ. ರೊಟ್ಟಿ ಬಡಿಯುತ್ತ ಎದ್ದು ಹೋಗಿ ನೋಡುವಳು, ಅರ್ಧ ಬಳಿದ ನೆಲ ಬಿಟ್ಟು ಹೋಗಿ ನೋಡುವಳು. ಸೊಸೆಯ ಕಾಲಿಗೆ ಚಕ್ರ ಬಂದಿದೆ ಎಂದಳು ಮದರಬಿ. ಕಡೆಗೆ ಹುಬ್ಬಳ್ಳಿಯ ಅಂಗಡಿಯವನೊಬ್ಬ ಬೇರೆ ಜಾತಿಯ ಶಾಯಿ ತೋರಿಸಿದ. ಇದರಲ್ಲಿ ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ನುಣ್ಣನೆಯ ಪುಡಿಯಾಗಿ ತೇಲುತ್ತಿರುತ್ತದೆ. ಕಾಗದದ ಮೇಲೆ ಒಣಗಿದರೆ ಮತ್ತೆ ಏಳದು. ಕೊಡುವಾಗಲೇ ಎಚ್ಚರಿಸಿದ: ಇದು ಆ ಯಂತ್ರಕ್ಕೆ ಮಾಡಿದ್ದಲ್ಲ, ಪುಡಿ ತೂತಿನಲ್ಲಿ ಕೂತರೆ ಯಂತ್ರ ಹೋದಂತೆಯೇ.

ಈ ವಾರ ಅವಳು ಹಳೆಯ ಶಾಯಿಯನ್ನೆಲ್ಲ ಬಸಿದು ಹೊಸದನ್ನು ತುಂಬಿದಳು. ಗಂಡನಿಗೆ ಹೇಳಿದ್ದು ತುಂಬಿದ ಮೇಲೆ.

“ಕೇಳಿದ್ರ ಬ್ಯಾಡ ಅಂತಿದ್ರು. ಬ್ಯಾಡ ಅಂದಮ್ಯಾಲೆ ತುಂಬಿದ್ರ ಜಗಳ ಆಗತಿತ್ತು. ಅದಕ್ಕ ಕೇಳಲೇ ಇಲ್ರಿ,” ಎನ್ನುತ್ತಾಳೆ.

ಮತ್ತೊಂದು ಹಾಳೆ. ನೀಲಿ ಗೆರೆ ಇನ್ನೂ ತುಸು ತುಂಡಾಗಿದೆ. ಇನ್ನೊಂದು ಹನಿ, ಇನ್ನೊಂದು ಹಾಳೆ. ಈಗ ಗೆರೆ ಕೂಡಿಕೊಂಡಿದೆ. ಅವಳು ಉಸಿರು ಬಿಡುವಷ್ಟೂ ತಡೆಯದೆ ದಪ್ಪ ಕಾಗದ ಕೊಡುತ್ತಾಳೆ. ಹಣೆ ಬರುತ್ತದೆ. ಹುಬ್ಬು, ಕಣ್ಣು. ಮೂಗು ಇಳಿಯುವಾಗ ಯಂತ್ರ ನಿಂತು ಕೆಮ್ಮುತ್ತದೆ. ಅವಳ ಕೈ ಟ್ರಂಕಿನ ಅಂಚು ಹಿಡಿಯುತ್ತದೆ. ಮತ್ತೆ ಸಾಗುತ್ತದೆ. ಬಾಯಿ, ಗದ್ದ, ಬಿಳಿ ಕಾಲರು ಇಳಿದು ಹಾಳೆ ಹೊರಬಂದ ಸ್ವಲ್ಪ ಹೊತ್ತಿಗೆ ಕರೆಂಟು ಹೋಗುತ್ತದೆ.

ಹಳೆಯ ಕಟ್ಟಿಗೇ ಹೊಸ ಹಾಳೆ ಸೇರಿಸಿ ಅಲ್ತಾಫನ ಟೆಂಪೋ ಹತ್ತುತ್ತಾಳೆ. ದಾರಿಯುದ್ದಕ್ಕೂ ಫೋಟೋ ತೊಡೆಯ ಮೇಲೆ, ಕೈ ಅದರ ಮೇಲೆ.

ಮುಶಿಗೇರಿಯಲ್ಲಿ ಅಡಿವೆವ್ವ ಫೋಟೋ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸುತ್ತಾಳೆ. ಹೊಸ ಶಾಯಿಗೆ, ಈ ಕಾಗದಕ್ಕೆ ಮಿಂಚಿಲ್ಲ. ಮುಖವೂ ಮೊದಲಿಗಿಂತ ಕಂದು. ನಾಹೀದ ಅದನ್ನು ತಾನೇ ಹೇಳಿಬಿಡಲು ಬಾಯಿ ತೆರೆಯುತ್ತಾಳೆ.

“ಮೊದಲಿಂದು ಭಾಳ ಬೆಳ್ಳಗಿತ್ತವಾ,” ಎನ್ನುತ್ತಾಳೆ ಅಡಿವೆವ್ವ. “ಬಿಸಲಾಗ ಗ್ವಾಡಿ ಕಟ್ಟಾಂವ ಅಷ್ಟ ಬೆಳ್ಳಗ ಹ್ಯಾಂಗ ಇದ್ದಾನ? ಇದು ಖರೇ ಅವನ ಮಾರಿ.”

ಗೋಡೆಯೊಳಗಿನ ದೇವರ ಮಾಡದ ಮುಂದೆ ಹರಿವಾಣ ಇಟ್ಟಿದೆ. ನಾಹೀದ ಹೊಸ್ತಿಲಲ್ಲೇ ನಿಂತಿದ್ದಾಳೆ. ಅಡಿವೆವ್ವ ಒಳಗೆ ಕರೆದು ತನ್ನ ಪಕ್ಕದಲ್ಲೇ ಕೂಡಿಸಿಕೊಳ್ಳುತ್ತಾಳೆ. ಫೋಟೋ ನಿಲ್ಲಿಸಿ ತಂಬಿಗೆ ಎತ್ತುತ್ತಾಳೆ. ಕೈ ಅಲ್ಲೇ ನಿಲ್ಲುತ್ತದೆ. ಸುರಿಯಲಾರಳು, ಇಳಿಸಲಾರಳು. ಒಮ್ಮೆ ತೊಳೆದು ಕಳೆದುಕೊಂಡವಳು.

“ನೀನ ಹಾಕವಾ,” ಎಂದು ತಂಬಿಗೆಯನ್ನು ನಾಹೀದಳ ಕೈಗೆ ಕೊಡುತ್ತಾಳೆ.

ಬೆಳಗಿನಿಂದ ಒಂದು ಕಡೆ ನಿಲ್ಲದವಳು ಈಗ ಅಲುಗಾಡುವುದಿಲ್ಲ. ಆಮೇಲೆ ಹನಿಸುವುದಿಲ್ಲ, ಚಿಮುಕಿಸುವುದಿಲ್ಲ. ಹಣೆಯ ಮೇಲಿನಿಂದ ಇಡೀ ತಂಬಿಗೆಯ ನೀರು ಸುರಿದುಬಿಡುತ್ತಾಳೆ. ಗಾಜಿನ ಮೇಲಿಂದ ನೀರು ಜಾರುತ್ತದೆ. ಕೆಳಗಿನ ಅಂಚಿನಲ್ಲಿ ಒಳಸೇರಿದ ತೇವ ಕಾಗದ ಹಿಡಿದು ಮೆಲ್ಲಗೆ ಮೇಲೇರುತ್ತದೆ. ಇಬ್ಬರೂ ಬಗ್ಗಿ ನೋಡುತ್ತಾರೆ. ತೇವ ಕಾಲರಿಗೆ ಮುಟ್ಟುತ್ತದೆ, ದಾಟುತ್ತದೆ. ಕಾಲರು ಬೆಳ್ಳಗೇ ಇದೆ. ಹರಿವಾಣದ ನೀರೂ ತಿಳಿಯಾಗಿದೆ.

ಅಡಿವೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡು ವಿಭೂತಿಯತ್ತ ಕೈಚಾಚುತ್ತಾಳೆ. ನಾಹೀದ ಆ ಕೈ ತಡೆಯುತ್ತಾಳೆ, ಖಾಲಿ ತಂಬಿಗೆ ಮುಂದೆ ಹಿಡಿಯುತ್ತಾಳೆ.

“ತಡೀರಿ,” ಎನ್ನುತ್ತಾಳೆ. “ಇನ್ನೊಂದ ತಂಬಿಗಿ ನೀರ ಕೊಡ್ರಿ.”