ಬಣ್ಣ ಕೊನೆಗೆ ಕೇಳಿ

ಮೊನ್ನೆ ಹುಣಸೂರಿನ ಟೈಲ್ಸ್ ಅಂಗಡಿಯಲ್ಲಿ ಹೆಂಡತಿ ಬಚ್ಚಲುಮನೆಗೆ ಬಣ್ಣ ಆರಿಸುತ್ತಿದ್ದಳು. ನಾನು ಒಂದು ಟೈಲನ್ನು ಮಗುಚಿ ಅದರ ಒರಟು ಬೆನ್ನನ್ನು ಸವರುತ್ತ ನಿಂತಿದ್ದೆ. “ಸಾರ್, ಡಿಸೈನು ಆ ಕಡೆಗದೆ” ಎಂದ ಅಂಗಡಿಯವನು. ಅವನಿಗೆ ಏನೆಂದು ವಿವರಿಸಲಿ? ನಿಮಗಾದರೆ ಹೇಳಬಹುದು, ನಿಮಗೆ ವ್ಯಾಪಾರದ ಅವಸರವಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಿರಿಯಾಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ನವರತ್ನಗಳ ವರ್ಣನೆಯಿರುವ ಪದ್ಯವನ್ನು ವಾರಗಟ್ಟಲೆ ಪಾಠ ಮಾಡಬಲ್ಲವನಾಗಿದ್ದೆ. ಆದರೆ ಬೆಣಚುಕಲ್ಲಿನ ಚೂರಿಗೂ ಒಡೆದ ಸೋಡಾ ಬಾಟಲಿಗೂ ಇರುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ವಿಜ್ಞಾನದ ಸರ್ವಮಂಗಳಾ ಮೇಡಂ.

ಮಕ್ಕಳು ಹೊಲದಿಂದ, ಬಾವಿ ತೋಡಿದ ಕಡೆಯಿಂದ ಕಲ್ಲು ತರುತ್ತಿದ್ದರು. ಬಿಡುವಿದ್ದಾಗ ನಾನೂ ಅವರ ತರಗತಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೇಡಂ ಮೊದಲು ಅದನ್ನು ಅಂಗೈಯಲ್ಲಿಟ್ಟು ತೂಗುವರು. ಉಗುರಿನಿಂದ ಗೀರುವರು, ಬಳಪದ ಕಲ್ಲಾದರೆ ಗೀರು ಬಿದ್ದು, ಕೈಗೆ ಸೋಪಿನಂತೆ ಜಾರುವುದು. ಬೆಣಚುಕಲ್ಲಾದರೆ ಗಾಜನ್ನೇ ಗೀರುವುದು. ಆಮೇಲೆ ಒಡೆದ ಟೈಲಿನ ಬೆನ್ನಿನ ಮೇಲೆ ಉಜ್ಜಿಸುವರು. ಕರ್ರಗಿನ ಕಬ್ಬಿಣದ ಅದಿರು ಅಲ್ಲಿ ಕೆಮ್ಮಣ್ಣಿನ ಗೆರೆ ಎಳೆದದ್ದನ್ನು ಕಂಡು ನಾನೇ ಬೆರಗಾಗಿದ್ದೆ. “ಬಣ್ಣ ಕೊನೆಗೆ ಕೇಳಿ. ಬಣ್ಣ ಮೋಸ ಮಾಡುತ್ತೆ” ಎನ್ನುವುದು ಅವರ ಮಾತು.

ಎಚ್.ಡಿ. ಕೋಟೆಯ ಅಜ್ಜಿಮನೆಗೆ ಹೋಗಿಬಂದ ಸುಧಾ ಎಂಬ ಹುಡುಗಿ ಒಮ್ಮೆ ಪಟ್ಟಿಯಂಥ ಉದ್ದನೆಯ ಕಲ್ಲು ತಂದಳು. ಮೇಡಂ ಚಾಕುವಿನಿಂದ ಉದ್ದಕ್ಕೆ ಗೀರಿದರು, ಗೀರು ಬಿತ್ತು. ಅಡ್ಡಕ್ಕೆ ಗೀರಿದರು, ಬೀಳಲಿಲ್ಲ. “ಕಯನೈಟ್ ಇದು. ಬಣ್ಣ ಯಾವುದಮ್ಮ?” ಎಂದರು. “ನೀಲಿ ಮಿಸ್” ಎಂದಳು ಸುಧಾ. ಅದೊಂದು ಪರೀಕ್ಷೆಯ ಪ್ರಶ್ನೆಯೆಂದೇ ನಾನು ತಿಳಿದಿದ್ದೆ.

ಮುಂದಿನ ವಾರ ಸುಣ್ಣಕಲ್ಲಿನ ಪಾಠ. ಆಸಿಡ್ ಹನಿ ಬಿದ್ದರೆ ಅದು ನೊರೆಯೇಳಬೇಕು. ನಾನು ಜಗಲಿಯಲ್ಲಿ ಹೋಗುತ್ತಿದ್ದವನು ಕಿಟಕಿಯಿಂದ ಕಂಡೆ: ಹನಿಗಳು ಕಲ್ಲಿನ ಮೇಲೆ ಬೀಳಲಿಲ್ಲ, ಮೇಡಂ ಅವರ ಎಡಗೈ ಮೇಲೆ ಬಿದ್ದವು. ಅದು ತೀರ ತೆಳುವಾದ ಆಸಿಡ್, ಆದರೂ ಚರ್ಮ ಕೆಂಪಾಯಿತು. ನಲ್ಲಿಯ ಬಳಿಗೆ ಕರೆದೊಯ್ದು ಕೈ ತೊಳೆಸಿದೆ.

“ಎಷ್ಟು ದಿನದಿಂದ ಕಣ್ಣು ಹೀಗೆ ಮೇಡಂ?”

“ಎರಡು ವರ್ಷ ಆಗಿರಬೇಕು ಮೇಷ್ಟ್ರೇ. ಅಂಚು ಕಾಣುತ್ತೆ, ಅದಕ್ಕೇ ನಡೆಯೋಕೆ ತೊಂದರೆಯಿಲ್ಲ. ಎದುರಿಗಿರೋದೇ ಅಳಿಸಿಹೋಗುತ್ತೆ. ಸರಿಹೋಗಲ್ಲ ಅಂದ್ರು ಡಾಕ್ಟ್ರು.”

“ಹೆಡ್ಮಾಸ್ಟರಿಗೆ ಹೇಳಿದ್ದೀರಾ?”

“ಹೇಳಿದ್ರೆ ಆಫೀಸಿನ ಮೂಲೇಲಿ ಕೂರಿಸ್ತಾರೆ. ಪಾಠ ಬಿಟ್ಟು ನಂಗೆ ಇನ್ನೇನು ಬರುತ್ತೆ?”

ನಾನು ಕಲಿತ ಅಲಂಕಾರ, ಛಂದಸ್ಸು ಯಾವುದೂ ನೆರವಿಗೆ ಬರಲಿಲ್ಲ. ಮರುದಿನ ಅವರೇ ತರಗತಿಯಲ್ಲಿ ನಿಂತು ವಿಷಯ ಹೇಳಿಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂರಲು ನನ್ನನ್ನೂ ಕರೆದಿದ್ದರು. ಮಕ್ಕಳು ಅತ್ತಾರು ಎಂದುಕೊಂಡಿದ್ದೆ. ಯಾರೂ ಅಳಲಿಲ್ಲ.

“ನಮ್ಗೊತ್ತಿತ್ತು ಮಿಸ್” ಎಂದ ಒಬ್ಬ. “ಅದ್ಕೇ ಓಂವರ್ಕ್ ಗಟ್ಟಿಯಾಗ್ ಓದಿ ಏಳ್ತಿದ್ದೋ.”

ಸುಧಾ ಎದ್ದು ನಿಂತಳು. “ಬಣ್ಣ ನಾವೇಳ್ತೀವಿ ಮಿಸ್. ಮಿಕ್ಕಿದ್ದು ನೀವೇಳಿ.”

ಮೇಡಂ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

ಹೆಡ್ಮಾಸ್ಟರು ಮೊದಲು ಗೊಣಗಿದರು. ಆಮೇಲೆ ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ನನ್ನ ಬಿಡುವಿನ ಪೀರಿಯಡ್ಡಿಗೆ ಅಂಟಿಸಿದರು. ಹೀಗೆ ನಾನು ‘ಗಡಸುತನ’, ‘ಸೀಳು’, ‘ಹೊಳಪು’ ಎಂದೆಲ್ಲ ದುಂಡಗೆ ಬರೆದೆ. “ಮೇಷ್ಟ್ರೇ, ಸೀಮೆಸುಣ್ಣದ ಸದ್ದು ಕಮ್ಮಿ ಆಗಿದೆ, ಏನೋ ಬಿಟ್ರಿ” ಎಂದು ಮೇಡಂ ಬೆನ್ನ ಹಿಂದಿನಿಂದ ತಿದ್ದುತ್ತಿದ್ದರು. ನಿವೃತ್ತಿಯವರೆಗೂ ಅವರು ಪಾಠ ಮಾಡಿದರು. ಈಗ ಕೆ.ಆರ್. ನಗರದಲ್ಲಿ ತಂಗಿಯ ಮನೆಯಲ್ಲಿದ್ದಾರೆ.

ಅಂಗಡಿಯಿಂದ ಹೊರಬಂದ ಮೇಲೆ ಹೆಂಡತಿಗೆ ಹೇಳಿದೆ: “ನನ್ನ ಬಲಗಣ್ಣು ಮಂಜಾಗಿ ಬಹಳ ದಿನ ಆಯ್ತು ಕಣೆ. ಎದುರಿಂದ ಬರೋ ಲಾರಿ ಎರಡಾಗಿ ಕಾಣುತ್ತೆ.”

ಅವಳು ನಿಂತಲ್ಲೇ ನಿಂತಳು. “ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಭಯ.”

ಅವಳು ಕೈ ಚಾಚಿ ಸ್ಕೂಟರಿನ ಕೀ ಈಸಿಕೊಂಡಳು. ನಾನು ಹಿಂದೆ ಕೂತೆ. ಗಾಡಿ ಮನೆಯ ದಾರಿ ಬಿಟ್ಟು ಕಣ್ಣಿನ ಡಾಕ್ಟರ ಬೀದಿಗೆ ತಿರುಗಿತು.