ಜೈಲಿಗೆ ಹೋದ ಉಡಿ

ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು. ಬೆಳಗ್ಗೆ ಎದ್ದವರೇ ಚಾಳಿನ ಗ್ಯಾಲರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹುರಿದ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವರು; ಆಮೇಲೆ ಅದೇ ಬೆರಳೆತ್ತಿ ಇಡೀ ಚಾಳಿಗೆ ಬುದ್ಧಿ ಹೇಳುವರು. ನಳದ ಮುಂದೆ ಜಗಳವಾಡುವವರಿಗೆ, ಕೂಸನ್ನು ಅಳಿಸುವವರಿಗೆ, ಸಾರಿಗೆ ಬೆಲ್ಲ ಹಾಕುವ ನನಗೆ, ಯಾರಿಗೂ ಆ ಬೆರಳಿನಿಂದ ಬಿಡುಗಡೆ ಇರಲಿಲ್ಲ. ಧಾರವಾಡದ ಕಡೆಯವರು, ವಿಧವೆ. ತಮ್ಮನ ಮಗನ ಜೊತೆ ನಮ್ಮ ಪಕ್ಕದ ಖೋಲಿಯಲ್ಲಿದ್ದರು. ಚೆಂಬೂರಿನ ಆ ಚಾಳಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಮದುವೆಯಾಗಿ ಉಡುಪಿಯಿಂದ ಬಂದ ಹೊಸತರಲ್ಲಿ ನನಗೆ ಅವರನ್ನು ಕಂಡರೆ ಹೆದರಿಕೆ, ಒಳಗೊಳಗೇ ಸಿಟ್ಟೂ ಇತ್ತು.

ನನ್ನ ಯಜಮಾನರಿಗೆ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಐವತ್ತರ ದಶಕದ ನಡುವೆ ಅಲ್ಲಿ ಮುಷ್ಕರವಾಗಿ, ಗೇಟಿನ ಮುಂದೆ ನಿಂತಿದ್ದವರನ್ನೆಲ್ಲ ಪೊಲೀಸರು ಲಾರಿಗೆ ತುಂಬಿ ಒಯ್ದರು. ಜಾಮೀನು ಸಿಗದೆ ಯಜಮಾನರು ಜೈಲಿನಲ್ಲೇ ಉಳಿದರು. ಆಗ ನನಗೆ ಏಳು ತಿಂಗಳು. ಅವರಿಗೋ ಹೊಟ್ಟೆಹುಣ್ಣು. ಜೈಲಿನ ಖಾರದ ಬೇಳೆ ಒಗ್ಗದೆ ತಿಂದದ್ದನ್ನೆಲ್ಲ ಕಾರುತ್ತಿದ್ದಾರೆಂದು ಸುದ್ದಿ ಬಂತು. ಅಲ್ಲಿಯ ಕಚೇರಿಯಲ್ಲಿ ಕೈದಿಯ ಹೆಸರಿಗೆ ದುಡ್ಡು ಕಟ್ಟಿದರೆ ಹಾಲು, ಪಾವ್ ರೊಟ್ಟಿ ತರಿಸಿ ಕೊಡುತ್ತಾರಂತೆ. ಚಾಳಿನವರು ಚಂದಾ ಎತ್ತಿ ನನ್ನ ಕೈಗಿಟ್ಟರು.

ಜೈಲಿನ ಭೇಟಿಯಲ್ಲಿ ಜಾಲರಿಯ ಆಚೆಯಿಂದ ಯಜಮಾನರು, "ಯಾರ ದುಡ್ಡು?" ಎಂದು ಕೇಳಿದರು. ಹೇಳಿದೆ.

"ವಾಪಸ್ ಕೊಡು. ಚಂದಾ ಎತ್ತಿದ ಹಾಲು ನಂಗೆ ಇಳಿಯುದಿಲ್ಲ."

ಮುಖ ಬಿಳುಚಿಕೊಂಡಿತ್ತು, ಕೆನ್ನೆ ಒಳಗೆ ಹೋಗಿತ್ತು, ಹಟ ಮಾತ್ರ ದಷ್ಟಪುಷ್ಟವಾಗಿತ್ತು. ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಬಂದೆ. ಈ ಮನುಷ್ಯ ಮಗುವಿನ ಮುಖ ನೋಡುವ ತನಕವಾದರೂ ಉಳಿಯಬೇಕಲ್ಲ ಎಂಬುದೊಂದೇ ಯೋಚನೆ.

ಮಾವಶಿ ಗ್ಯಾಲರಿಯಲ್ಲೇ ತಡೆದರು. "ಅಂವ ಒಲ್ಲೆ ಅಂದಾ, ನೀ ಹೊಳ್ಳಿ ಬಂದೀ?"

"ಎಂತ ಮಾಡುದು ಮಾವಶಿ? ಅವರು ಬೇಡ ಅಂದ್ರೆ ಬೇಡವೇ."

"ಅವಗ ಯಾರ ಕೊಡ್ತಾರ? ನಿನಗ ಉಡಿ ತುಂಬತೀವಿ. ಉಡಿಯಾಗ ಬಿದ್ದದ್ದು ಹೆಣ್ಣಮಗಳ ಸ್ವಂತದ್ದು. ಅದಕ್ಕ ಬ್ಯಾಡ ಅನ್ನಾಕ ಅಂವ ಯಾಂವ?"

ಬಸುರಿಯ ಸೆರಗಿಗೆ ಅಕ್ಕಿ, ಕಾಯಿ, ಅರಿಶಿನದ ಕೊಂಬು, ಕುಪ್ಪಸದ ಖಣ ಹಾಕಿ ತವರಿನವರು ಹರಸುವುದು ಅವರ ಕಡೆಯ ಪದ್ಧತಿ. ಶುಕ್ರವಾರ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು, ಅಕ್ಕಿಯ ಜೊತೆ, ನಾನು ವಾಪಸ್ ಕೊಟ್ಟಿದ್ದ ತಮ್ಮ ಪಾಲಿನ ದುಡ್ಡನ್ನೂ ಹಾಕಿದರು. ಎಲ್ಲಕ್ಕೂ ಅಪ್ಪಣೆ ಕೊಡುತ್ತಿದ್ದ ಮಾವಶಿ ಮಾತ್ರ ಹೊಸ್ತಿಲ ಆಚೆಗೇ ನಿಂತಿದ್ದರು.

"ನೀವು?" ಎಂದೆ.

"ನನ್ನ ಕೈ ನಡಿಯೂದಿಲ್ಲವ್ವಾ," ಎಂದರು. ಆ ಗಟ್ಟಿ ಗಂಟಲು ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

"ನೀವು ತುಂಬದಿದ್ರೆ ನಾನು ಏಳುದೇ ಇಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಅಲುಗಲಿಲ್ಲ, ಹಟ ಗಂಡನೊಬ್ಬನ ಸ್ವತ್ತಲ್ಲವಲ್ಲ. ಕೊನೆಗೆ ಮಾವಶಿ ಒಳಗೆ ಬಂದು ಬೊಗಸೆ ತುಂಬ ಅಕ್ಕಿ ಸುರಿದರು. ಅರ್ಧ ಅಕ್ಕಿ ನೆಲಕ್ಕೇ ಬಿತ್ತು.

ಗಂಡನ ಎದುರಿಗೇ ಉಡಿ ಬಿಚ್ಚಬೇಕು ಎಂದು ಮಾವಶಿಯ ಆಜ್ಞೆ. ಹೀಗಾಗಿ ಅಕ್ಕಿ, ಕಾಯಿ, ದುಡ್ಡು ಎಲ್ಲವನ್ನೂ ಸೆರಗಿನಲ್ಲೇ ಕಟ್ಟಿಕೊಂಡು, ತುಂಬು ಹೊಟ್ಟೆಯಲ್ಲಿ ಮರುದಿನ ಮಾವಶಿಯೊಂದಿಗೆ ಜೈಲಿನ ಬಾಗಿಲಿಗೆ ಹೋದೆ. ಪಾನನಿರೋಧದ ಕಾಲ ಅದು. ಸೀರೆಯೊಳಗೆ ಗಂಟು ಕಂಡರೆ ಸಾರಾಯಿ ಎಂದೇ ಗುಮಾನಿ. ಹವಾಲ್ದಾರ ಲಾಠಿ ಅಡ್ಡ ಹಿಡಿದು ಗದರಿದ.

ಮಾವಶಿ ಬೆರಳೆತ್ತಿದರು. "ಅರೇ ಬಾಬಾ, ಓಟೀ ಆಹೇ, ಓಟೀ!"

ಮರಾಠಿಯವರಲ್ಲೂ ಉಡಿ ತುಂಬುವುದುಂಟು, ಅದಕ್ಕೆ ಓಟೀ ಎನ್ನುತ್ತಾರೆ. ಹವಾಲ್ದಾರನ ಲಾಠಿ ಕೆಳಗಿಳಿಯಿತು. "ಮಗ ಆಧೀ ಸಾಂಗಾಯಚಂ ನಾ, ತಾಯಿ," ಮೊದಲೇ ಹೇಳಬಾರದಿತ್ತೇ ಎಂದು ಗೊಣಗುತ್ತ ನನಗೆ ಕೂರಲು ತನ್ನ ಸ್ಟೂಲನ್ನೇ ಎಳೆದು ಕೊಟ್ಟ. ಅಕ್ಕಿ, ಕಾಯಿ ಒಳಗೆ ಬಿಡಲಿಲ್ಲ. ಆದರೆ ಅರಿಶಿನ ಹತ್ತಿದ ನೋಟುಗಳನ್ನು ಕಚೇರಿಯಲ್ಲಿ ತಾನೇ ನಿಂತು ಕಟ್ಟಿಸಿದ.

"ಯಾರ ದುಡ್ಡು?" ಯಜಮಾನರದು ಮತ್ತೆ ಅದೇ ಪ್ರಶ್ನೆ.

"ನಂದು. ನನ್ನ ಉಡಿಗೆ ಬಿದ್ದದ್ದು. ನನ್ನ ದುಡ್ಡಿನ ಹಾಲು ಬೇಡ ಹೇಳಿ ನೋಡುವ!"

ಅವರು ನನ್ನನ್ನು ನೋಡಿದರು, ಹಿಂದೆ ನಿಂತಿದ್ದ ಮಾವಶಿಯನ್ನು ನೋಡಿದರು. "ತರಿಸ್ತೇನೆ," ಎಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಹೊಟ್ಟೆಯ ಭಾರಕ್ಕೆ ಸುಮ್ಮನಾದೆ.

ಮಗಳು ಹುಟ್ಟುವ ಮೊದಲೇ ಅವರು ಬಿಡುಗಡೆಯಾಗಿ ಬಂದರು. ಕೆಲಸಕ್ಕೆ ಮತ್ತೆ ಸೇರಿ ಪಗಾರ ಬಂದ ದಿನ, ಸ್ವಭಾವ ಬಿಡಬೇಕಲ್ಲ, ದುಡ್ಡು ಹಿಂತಿರುಗಿಸಲು ಪಕ್ಕದ ಖೋಲಿಗೆ ಹೋದರು. "ತವರಮನಿಗೆ ಉಡಿ ಹೊಳ್ಳಿ ಕೊಡ್ತಾರೇನೋ, ತಿಳಿಗೇಡಿ?" ಎಂದು ಮಾವಶಿ ಬೈದದ್ದು ಕೆಳಗಿನ ಮಾಳಿಗೆಯವರೆಗೂ ಕೇಳಿಸಿತು. ಯಜಮಾನರು ತಲೆ ತಗ್ಗಿಸಿಕೊಂಡು ಬಂದರು. ಆಮೇಲಿಂದ ಮಾಟುಂಗಕ್ಕೆ ಹೋದಾಗಲೆಲ್ಲ ಅವರಿಗೆಂದು ತಂಬಾಕು ತಪ್ಪದೆ ತರುತ್ತಿದ್ದರು.

ಮಾವಶಿ ತೀರಿಕೊಂಡಾಗ ಮಗಳು ಶಾಲೆಗೆ ಹೋಗುತ್ತಿದ್ದಳು. ಸ್ಮಶಾನದ ಗುಮಾಸ್ತ ಹೆಗಲು ಕೊಟ್ಟವರ ಸಂಬಂಧ ಕೇಳಿದನಂತೆ. ತಮ್ಮನ ಮಗ ತನ್ನದನ್ನು ಹೇಳಿದ. ಯಾರ ಹಂಗಿಗೂ ಒಗ್ಗದ ನನ್ನ ಯಜಮಾನರು, ಯಾರೂ ಹೇಳಿಕೊಡದೆ, "ನಾನು ಅಳಿಯ," ಎಂದರಂತೆ.