ಸುಟ್ಟದ್ದೋ, ಸುಡದ್ದೋ?

ನಮ್ಮ ದ್ವೀಪದ ಆಕ್ಸೆಲ್ ಹೋಲ್ಮ್‌ಗಾರ್ಡ್‌ಗೆ ತನ್ನ ಹಿತ್ತಲಿನ ಕೋಳಿಗಳ ಹೊರತು ಯಾರ ಮೇಲೂ ನಂಬಿಕೆಯಿಲ್ಲ. ಕೋಳಿಹೇನಿಗೆ ಹಾಕುವ ಡಯಾಟಮ್ ಎಂಬ ಪಾಚಿಯ ಪಳೆಯುಳಿಕೆ ಮಣ್ಣಿನ ಪುಡಿ ಕೊಳ್ಳಲು ಹೋದರೆ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಸುಟ್ಟದ್ದೋ, ಸುಡದ್ದೋ?" ಎಂದು ಪೊಲೀಸಿನವನಂತೆ ಕೇಳುತ್ತಾನೆ. "ಸುಟ್ಟದ್ದು ಈಜುಕೊಳದ ನೀರು ಸೋಸೋಕೆ. ಇದು ಸುಡದ್ದು, ನಮ್ಮ ದ್ವೀಪದ ಮಣ್ಣೇ ಕಣಯ್ಯ, ನಿನ್ನ ಕೋಳಿ ದಿನಾ ಅದರಲ್ಲೇ ಹೊರಳಾಡುತ್ತೆ" ಎಂದು ಅಂಗಡಿಯ ಬಿರ್ತೆ ನಗುತ್ತಾಳೆ. "ನಮ್ಮದು ಅಂತಲೇ ಭಯ" ಎನ್ನುತ್ತಾನೆ ಅವನು. ಗಾಳಿ ಬೀಸುವ ದಿನ ಚೀಲ ಬಿಚ್ಚುವುದೇ ಇಲ್ಲ. ಉಳಿದ ದಿನ ಕೋಳಿಗಳನ್ನು ಹೊರಗಟ್ಟಿ, ಮಾಸ್ಕ್ ಬಿಗಿದುಕೊಂಡು, ಅವು ಕೂರುವ ಕೋಲಿನ ಸಂದುಗಳಿಗಷ್ಟೇ ಕುಂಚದಿಂದ ಪುಡಿ ಸವರುತ್ತಾನೆ, ಬ್ರೆಡ್ಡಿಗೆ ಬೆಣ್ಣೆ ಸವರುವ ಜಿಪುಣನಂತೆ. ಧೂಳು ಕೂರುವವರೆಗೆ ಗೂಡಿನ ಬಾಗಿಲಿಗೆ ಅಡ್ಡ ನಿಂತು, ಬೇಲಿಯಾಚೆಯಿಂದ ಇಣುಕುವ ನನ್ನನ್ನೂ "ದೂರ ನಿಲ್ಲು" ಎಂದು ಗದರುತ್ತಾನೆ. ಆಮೇಲೆ ಒಂದೊಂದೇ ಕೋಳಿಯನ್ನು ಎತ್ತಿಕೊಂಡು ಅದರ ಬೆನ್ನಿಗೆ ಕಿವಿಯಿಟ್ಟು ಆಲಿಸುತ್ತಾನೆ. "ಏನು ಹೇಳ್ತಾ ಇದೆ?" ಎಂದು ಒಮ್ಮೆ ಛೇಡಿಸಿದೆ. "ಏನೂ ಇಲ್ಲ. ಅದೇ ಸಮಾಧಾನ" ಎಂದ. ಅವನ ಅಪ್ಪ ಇದೇ ಮಣ್ಣನ್ನು ಸುಡುವ ಭಟ್ಟಿಯಲ್ಲಿ ಚೀಲ ತುಂಬುತ್ತಿದ್ದವನು. ಕೊನೆಗಾಲದಲ್ಲಿ ಆ ಮನುಷ್ಯನ ಗೊರಗೊರ ಉಸಿರು ಬೇಲಿ ದಾಟಿ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು.